ಗುಡಿಸು ‘ಕ’ಕಾರಕ್ಕೆ, ದನಿ ‘ತ’ಕಾರಕ್ಕೆ

ಹೈದರಾಬಾದಿನ ನಾಂಪಲ್ಲಿಯಲ್ಲಿ ತೆಲಂಗಾಣದ ಸರ್ಕಾರಿ ಪರೀಕ್ಷೆಗಳ ನಿರ್ದೇಶನಾಲಯವಿದೆ. ಹತ್ತನೇ ತರಗತಿ ಪರೀಕ್ಷೆ ಬರೆಯುವ, ಡಿಸ್ಲೆಕ್ಸಿಯಾ (ಓದು ಕಲಿಯುವ ತೊಡಕು) ಇರುವ ಮಕ್ಕಳಿಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುವುದು ಈ ಇಲಾಖೆಯ ಮೂಲಕವೇ. ನ್ಯಾಯವಾದ ರಿಯಾಯಿತಿ. ಆದರೆ ತೊಡಕು ಶುರುವಾಗುವುದು ಆ ಪರೀಕ್ಷೆಗೂ ಎಂಟು ವರ್ಷ ಮೊದಲು, ಒತ್ತಕ್ಷರದ ಪಾಠದಲ್ಲಿ.

ಇಂಥದೇ ತೊಡಕಿದ್ದ, ಲೆಕ್ಕದಲ್ಲಿ ಚುರುಕಾಗಿದ್ದೂ ಓದಲಾಗದ ಹದಿನಾಲ್ಕರ ಹುಡುಗನೊಬ್ಬನ ಬಗ್ಗೆ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬರೆದದ್ದು 1896ರಲ್ಲಿ. ಇಂಗ್ಲಿಷ್ ಕಾಗುಣಿತದ ಗೊಂದಲ ನಮಗಿಲ್ಲ, ಕನ್ನಡವನ್ನು ನುಡಿದಂತೆ ಬರೆಯುತ್ತೇವೆ, ನಮ್ಮ ಮಕ್ಕಳಿಗೆಲ್ಲಿಯ ಡಿಸ್ಲೆಕ್ಸಿಯಾ ಎಂದುಕೊಳ್ಳುವುದು ಸುಲಭವಿತ್ತು. ಆದರೆ ಸಂಶೋಧಕಿ ಎಸ್. ರಮಾ ಡಿಸ್ಲೆಕ್ಸಿಯಾದ ಮೇಲೆ 1985ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದರು. 1993ರಲ್ಲಿ ಟಿ.ಆರ್. ಮೈಲ್ಸ್ ಮತ್ತು ಲಲಿತಮ್ಮ ಅವರೊಂದಿಗೆ ಅವರು ಪ್ರಕಟಿಸಿದ ಲೇಖನ ಕನ್ನಡ ಓದುವ ಮಕ್ಕಳಲ್ಲೂ ಈ ತೊಡಕಿದೆ ಎಂದು ತೋರಿಸಿತು.

‘ಶಕ್ತಿ’ ಬರೆದು ನೋಡಿ. ಗುಡಿಸು ಬೀಳುವುದು ‘ಕ’ದ ಮೇಲೆ, ‘ಇ’ ದನಿ ಕೇಳುವುದು ‘ತ’ದ ನಂತರ. ತೆಲುಗಿನಲ್ಲೂ ಹಾಗೆಯೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿಯುವ ಹೈದರಾಬಾದಿನ ಮಗು ಈ ಗಂಟನ್ನು ಎರಡು ಸಲ ಬಿಡಿಸಬೇಕು. ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ಅಕ್ಷರರೂಪಗಳು ನಾನೂರನ್ನು ದಾಟುತ್ತವೆ. ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರ ಅಧ್ಯಯನದಲ್ಲಿ ಕಂಡುಕೊಂಡರು. ಹಾಗಾಗಿ ಎರಡನೇ ತರಗತಿಯಲ್ಲಿ ತಡವರಿಸುವ ಎಲ್ಲ ಮಕ್ಕಳಿಗೂ ನ್ಯೂನತೆ ಇದೆ ಎನ್ನಲಾಗದು. ಹಾಗೆಂದು, ಮಗು ತಾನಾಗಿ ಕಲಿತುಬಿಡುತ್ತದೆ ಬಿಡಿ ಎಂದು ಕೈಚೆಲ್ಲುವುದಂತೂ ಸಲ್ಲದು.

ಏಕೆಂದರೆ ಮೂರನೇ ತರಗತಿ ದಾಟಿದ ಮೇಲೆ ಗಣಿತದ ಲೆಕ್ಕವೂ ವಾಕ್ಯದಲ್ಲಿರುತ್ತದೆ. ಓದದ ಮಗುವಿಗೆ ಹೊಸ ಪದ ಸಿಗುವುದು ಕಡಿಮೆ, ಪದ ಕಡಿಮೆಯಾದಷ್ಟೂ ಓದು ಇನ್ನಷ್ಟು ಕಷ್ಟ. ಮನಶ್ಶಾಸ್ತ್ರಜ್ಞ ಕೀತ್ ಸ್ಟಾನೋವಿಚ್ 1986ರಲ್ಲೇ ಈ ಸುಳಿಯನ್ನು ವಿವರಿಸಿದ್ದರು. ಚುರುಕು ಬುದ್ಧಿಯ ಮಗುವನ್ನು ದಡ್ಡ ಎಂದು ಕರೆಯುವ ಶಾಲೆ ಆ ಬುದ್ಧಿ ಬೆಳೆಯುವ ದಾರಿಯನ್ನೇ ಮುಚ್ಚುತ್ತದೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ವಿಧಗಳಲ್ಲಿ ಅದು ಸೇರಿತು. 2018ರ ಮಾರ್ಗಸೂಚಿ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ ಎಂದಿತು. 14 ಮತ್ತು 18ರಲ್ಲಿ ಮರುಪರೀಕ್ಷೆ ಬೇಕೆಂದಿತು. ಪ್ರಮಾಣಪತ್ರ ಬರುವತನಕ ಟೀಚರ್ ಕಾಯಬೇಕಿಲ್ಲ. ‘ಕ್ತಿ’ಯನ್ನು ಕ್, ತ್, ಇ ಎಂದು ಬಿಡಿಸಿ ಹೇಳಿಸಲು, ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಬಾಯಲ್ಲೇ ಉತ್ತರ ಕೇಳಲು ಯಾವ ಕಚೇರಿಯ ಮೊಹರೂ ಬೇಡ.