ಕಾರು ಕಡಲು ದಾಟಬೇಕೆ?

ಪರದೇಶಕ್ಕೆ ಹೊರಟವನು ಏನನ್ನು ಒಯ್ಯಬೇಕು, ಏನನ್ನು ಬಿಟ್ಟು ಹೋಗಬೇಕು ಎಂಬ ಪ್ರಶ್ನೆ ಹಿಂದಿನವರಿಗೆ ಅಷ್ಟಾಗಿ ತೊಡಕಿನದಾಗಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಉಪ್ಪಿನಕಾಯಿಯ ಒಂದು ಜಾಡಿ, ಇಷ್ಟಾದರೆ ಸಿದ್ಧತೆ ಮುಗಿಯುತ್ತಿತ್ತು. ಈಗ ಹಾಗಲ್ಲ. ಮಧ್ಯಮ ವರ್ಗದವರ ಮನೆಯ ಮುಂದೆಯೂ ಒಂದು ಕಾರು ನಿಂತಿರುತ್ತದೆ. ಅದನ್ನು ಏನು ಮಾಡತಕ್ಕದ್ದು? ಮಾರುವುದೆ, ಮನೆಯಲ್ಲಿಯೇ ಬಿಡುವುದೆ, ಇಲ್ಲವೆ ಹಡಗಿಗೆ ಏರಿಸಿ ಜೊತೆಯಲ್ಲಿ ಒಯ್ಯುವುದೆ?

ಈಚೆಗೆ ಈ ಪ್ರಶ್ನೆ ಅರಸೀಕೆರೆಯ ನಮ್ಮ ಮಾವನವರ ಮನೆಯ ಜಗಲಿಗೇ ಬಂದು ಕುಳಿತಿತು. ನನ್ನ ಹೆಂಡತಿಯ ತಮ್ಮನಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕೆಲಸ ದೊರೆಯಿತು. ಅವನ ಪೆಟ್ರೋಲ್ ಕಾರು ೨೦೧೪ರಲ್ಲಿ, ಅವನು ಹಾಸನದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಾಲ ಮಾಡಿ ಕೊಂಡದ್ದು. ಮುಂದೆ ಬೆಂಗಳೂರಿಗೆ ಹೋದಾಗ ಅದನ್ನು ಅರಸೀಕೆರೆಯಲ್ಲಿಯೇ ಬಿಟ್ಟಿದ್ದ. ರಜೆಯಲ್ಲಿ ಬಂದಾಗ ಓಡಿಸುತ್ತಿದ್ದ. “ಭಾವ, ಇದನ್ನು ಮಾರುವ ಮಾತು ಬೇಡ. ಶೆಡ್ಡಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ ನನ್ನ ಜೊತೆಗೆ ಬರಲಿ” ಎಂದ.

ಮಾವನವರು ಕೊಬ್ಬರಿಯ ವ್ಯಾಪಾರದಲ್ಲಿ ಪಳಗಿದವರು. ಎಂಥ ಲಾಭನಷ್ಟವನ್ನೂ ಬಾಯಲ್ಲೇ ಲೆಕ್ಕ ಹಾಕಬಲ್ಲವರು. ಈ ವಿಷಯದಲ್ಲಿ ಮಾತ್ರ ಯಾವ ಲೆಕ್ಕವನ್ನೂ ಹಾಕದೆ, “ಒಯ್ಯಲಿ ಬಿಡಿ. ಅವನ ದುಡ್ಡು, ಅವನ ಕಾರು” ಎಂದುಬಿಟ್ಟರು.

ನಾನೋ ಕನ್ನಡ ಪಾಠ ಹೇಳುವವನು. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವುದರ ಹೊರತು ಆ ಯಂತ್ರದ ಬಗ್ಗೆ ಮತ್ತೇನನ್ನೂ ಅರಿಯದವನು. ಆದರೂ ನಿಯಮಗಳನ್ನು ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದಿದುದರ ಸಾರವನ್ನು, ಇಂಥ ಪ್ರಯಾಣಕ್ಕೆ ಸಿದ್ಧರಾಗಿರುವ ವಾಚಕರಿಗೆ ಪ್ರಯೋಜನವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಬಾಗಿಲು

ಮೊದಲು ಕೇಳಬೇಕಾದ ಪ್ರಶ್ನೆ ಹಣದ್ದಲ್ಲ. ಆ ದೇಶವು ನಮ್ಮ ಕಾರನ್ನು ಒಳಕ್ಕೆ ಬಿಡುವುದೆ ಎಂಬುದು. ದುಬೈ, ಸೌದಿ ಅರೇಬಿಯಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಮ್ಮಂತೆ ಬಲಗಡೆ ಚಕ್ರವಿರುವ ಕಾರಿಗೆ ಅಲ್ಲಿ ಅವಕಾಶವಿಲ್ಲ. ಸಿಂಗಪುರದಲ್ಲಿ ಚಕ್ರವೇನೋ ಬಲಗಡೆಯೇ. ಆದರೆ ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಅಲ್ಲಿಗೆ ತರಕೂಡದು. ಅಮೆರಿಕದ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿ ತಯಾರಾಗದ ಕಾರಿಗೆ ೨೫ ವರ್ಷ ತುಂಬುವವರೆಗೂ ಅಲ್ಲಿ ನೆಲೆಸುವ ಯೋಗವಿಲ್ಲ. ಆಸ್ಟ್ರೇಲಿಯದಲ್ಲಿ ಹಡಗಿಗೆ ಏರಿಸುವ ಮೊದಲೇ ಅನುಮತಿ ಪಡೆದಿರಬೇಕು. ಕಾರಿನ ಯಾವ ಭಾಗದಲ್ಲಿಯೂ ಕಲ್ನಾರು ಇರಬಾರದು. ಮಣ್ಣು, ಬೀಜ, ಒಣಗಿದ ಎಲೆ ಒಂದಿಷ್ಟು ಅಂಟಿದ್ದರೂ ತೊಳೆಸುವರು, ಇಲ್ಲವೆ ತಡೆಯುವರು. ಜಾವಗಲ್ಲಿನ ರಸ್ತೆಯ ಧೂಳಿಗೂ ಅಲ್ಲಿ ಪ್ರವೇಶಪತ್ರ ಬೇಕೆಂದಾಯಿತು!

ಬ್ರಿಟನ್ನಿನ ಬಾಗಿಲು ಮಾತ್ರ ನಮ್ಮ ಹುಡುಗನಿಗೆ ತೆರೆದೇ ಇತ್ತು. ಅಲ್ಲಿಯೂ ರಸ್ತೆಯ ಎಡಬದಿಯೇ ದಾರಿ. ಹತ್ತು ವರ್ಷ ಮೀರಿದ ಕಾರಿಗೆ ಅಲ್ಲಿಯ ಪ್ರತ್ಯೇಕ ವಾಹನ ಅನುಮೋದನೆಯ ಪರೀಕ್ಷೆಯೂ ಬೇಕಿಲ್ಲ. ವಾಸಸ್ಥಳವನ್ನೇ ಬದಲಾಯಿಸಿ ಬರುವವರಿಗೆ ಸುಂಕದಿಂದ ವಿನಾಯಿತಿ ಕೂಡ ಉಂಟು. ಅದಕ್ಕೆ ಮುಖ್ಯವಾದ ಷರತ್ತುಗಳು ಮೂರು: ಅರ್ಜಿದಾರನು ಹನ್ನೆರಡು ತಿಂಗಳಾದರೂ ಬ್ರಿಟನ್ನಿನ ಹೊರಗೆ ವಾಸಿಸಿರಬೇಕು, ಕಾರು ಆರು ತಿಂಗಳಾದರೂ ಅವನ ಸ್ವಾಧೀನದಲ್ಲಿದ್ದು ಅವನೇ ಅದನ್ನು ಬಳಸಿರಬೇಕು, ಒಯ್ದ ಮೇಲೆ ಒಂದು ವರ್ಷ ಅದನ್ನು ಮಾರಕೂಡದು, ಬಾಡಿಗೆಗೆ ಕೊಡಕೂಡದು. ಇದನ್ನು ಓದಿ ಹೇಳಿದಾಗ ಹುಡುಗನ ಮುಖ ಅರಳಿತು. ಎರಡನೆಯ ಷರತ್ತಿನ ಮೇಲೆ ಆಗ ನಾವು ಯಾರೂ ಗಮನವಿಡಲಿಲ್ಲ.

ಹಡಗಿನ ಲೆಕ್ಕ

ಕಾರನ್ನು ಸಾಗಿಸುವುದಕ್ಕೆ ಎರಡು ಮಾರ್ಗಗಳಿವೆ. ಒಂದು, ಕಾರುಗಳನ್ನು ಓಡಿಸಿಕೊಂಡೇ ಒಳಹೊಗಿಸುವ ಹಡಗು. ಇನ್ನೊಂದು, ಉಕ್ಕಿನ ಪೆಟ್ಟಿಗೆ. ೨೦ ಅಡಿಯ ಪೆಟ್ಟಿಗೆಯಲ್ಲಿ ಒಂದು ಕಾರು ಹಿಡಿಯುತ್ತದೆ. ಪೆಟ್ರೋಲನ್ನು ಬಹುಮಟ್ಟಿಗೆ ಬರಿದು ಮಾಡಬೇಕು. ಸಾಗಣೆಯ ಬಾಡಿಗೆಯೊಂದನ್ನೇ ನೋಡಿ ಮೋಸಹೋಗಬಾರದು. ಎರಡೂ ಬಂದರುಗಳ ಖರ್ಚು, ದಲ್ಲಾಳಿಯ ಕೂಲಿ, ವಿಮೆ, ಅಲ್ಲಿಯ ನೋಂದಣಿ ಇವೆಲ್ಲವನ್ನೂ ಕೂಡಿಸಿ ಬಂದ ಮೊತ್ತವನ್ನು, ಅಲ್ಲಿಯೇ ದೊರೆಯುವ ಒಂದು ಹಳೆಯ ಕಾರಿನ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು.

ಸಮುದ್ರದ ಅಪಾಯಗಳು ಬೇರೆ. ೨೦೨೨ರ ಫೆಬ್ರವರಿಯಲ್ಲಿ ಸುಮಾರು ೪,೦೦೦ ಕಾರುಗಳನ್ನು ಹೊತ್ತ ‘ಫೆಲಿಸಿಟಿ ಏಸ್’ ಎಂಬ ಹಡಗಿಗೆ ಅಟ್ಲಾಂಟಿಕ್ ಸಾಗರದಲ್ಲಿ ಬೆಂಕಿ ಬಿದ್ದು, ಮಾರ್ಚ್ ಒಂದರಂದು ಅದು ಮುಳುಗಿಯೇ ಹೋಯಿತು. ೨೦೨೧ರ ಮಾರ್ಚಿನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ ಕಥೆ ವಾಚಕರಿಗೆ ನೆನಪಿರಬಹುದು. ಆಗ ಬಳಕೆಗೆ ಬಂದ ಒಂದು ಪುರಾತನ ಕಡಲ ಕಟ್ಟಳೆಯನ್ನು ತಿಳಿದಿರುವುದು ಒಳ್ಳೆಯದು: ಹಡಗನ್ನೂ ಸರಕನ್ನೂ ಉಳಿಸುವುದಕ್ಕಾಗಿ ತಗಲಿದ ವೆಚ್ಚವನ್ನು ಸರಕಿನ ಒಡೆಯರೆಲ್ಲರೂ ಪಾಲಾಗಿ ಹೊರಬೇಕು. ತನ್ನ ಕಾರಿಗೆ ಗೀರೂ ಬೀಳದಿದ್ದವನು ಕೂಡ ತೆರಬೇಕಾದೀತು. ಆದಕಾರಣ ವಿಮೆಯಿಲ್ಲದೆ ಕಾರನ್ನು ಕಡಲಿಗೆ ಬಿಡಲೇಕೂಡದು.

ಇನ್ನು ದಡ ಸೇರಿದ ಮೇಲಿನ ಮಾತು. ಅಲ್ಲಿ ವೇಗಸೂಚಿಯು ಮೈಲಿಯಲ್ಲಿ ತೋರಿಸಬೇಕು. ಹಿಂಬದಿಯಲ್ಲಿ ಮಂಜಿನ ದೀಪವಿರಬೇಕು. ಮೂರು ವರ್ಷ ಮೀರಿದ ಕಾರಿಗೆ ಪ್ರತಿವರ್ಷವೂ ತಪಾಸಣೆ. ಬರ್ಮಿಂಗ್‌ಹ್ಯಾಮ್ ನಗರದ ನಡುಭಾಗದಲ್ಲಿ ೨೦೨೧ರ ಜೂನ್‌ನಿಂದ ಶುದ್ಧವಾಯು ವಲಯ ಜಾರಿಯಲ್ಲಿದೆ. ಯೂರೋ ೪ರ ಮಟ್ಟ ಮುಟ್ಟದ ಪೆಟ್ರೋಲ್ ಕಾರು ಅದರೊಳಗೆ ಕಾಲಿಟ್ಟ ದಿನವೆಲ್ಲ ತೆರಿಗೆ ಕೊಡಬೇಕು. ಬಿ.ಎಸ್. ೪ ಎಂಬ ಅದಕ್ಕೆ ಸಮನಾದ ನಿಯಮ ೨೦೧೦ರಲ್ಲಿ ಬೆಂಗಳೂರಿನಂಥ ದೊಡ್ಡ ನಗರಗಳಿಗೆ ಬಂದಿತ್ತು. ದೇಶಕ್ಕೆಲ್ಲ ಅನ್ವಯವಾದದ್ದು ೨೦೧೭ರ ಏಪ್ರಿಲ್‌ನಲ್ಲಿ. ೨೦೧೪ರಲ್ಲಿ ಹಾಸನದಲ್ಲಿ ಕೊಂಡ ನಮ್ಮ ಕಾರು ಬಿ.ಎಸ್. ೩. ಇಷ್ಟು ಹೇಳಿದರೂ ಹುಡುಗ ಜಗ್ಗಲಿಲ್ಲ. “ಖರ್ಚಾದರೆ ಆಗಲಿ ಭಾವ, ಮೊದಲ ಕಾರು” ಎಂದ. ಮನಸ್ಸು ನೆಟ್ಟ ವಸ್ತುವಿನ ಮುಂದೆ ಗಣಿತಶಾಸ್ತ್ರ ಎಂದೂ ಗೆದ್ದದ್ದಿಲ್ಲ.

ಬೇಲೂರಿನ ದಾರಿಯಲ್ಲಿ

ಹೊರಡುವ ಮುನ್ನ ಮನೆಯವರೆಲ್ಲರೂ ಒಮ್ಮೆ ಚೆನ್ನಕೇಶವನ ದರ್ಶನ ಮಾಡಿ ಬರುವುದೆಂದಾಯಿತು. ಒಂದು ಭಾನುವಾರ ಬೆಳಿಗ್ಗೆ ಜಾವಗಲ್ಲಿನ ಮಾರ್ಗವಾಗಿ ಮೊದಲು ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ಆನೆಗಳ ಸಾಲನ್ನು ನೋಡುತ್ತ, ಮಲಿಕ್ ಕಾಫರನ ೧೩೧೧ರ ದಾಳಿಯ ವಿಷಯವನ್ನು ನಾನು ಅಭ್ಯಾಸಬಲದಿಂದ ವಿವರಿಸತೊಡಗಿದೆ. ಮಾವನವರು ನಕ್ಕು, “ಚಿನ್ನ ಒಯ್ದ, ಆನೆ ಕುದುರೆ ಒಯ್ದ, ಕಲ್ಲು ಬಿಟ್ಟ. ಸಾಗಣೆಯ ಲೆಕ್ಕ ಅವನಿಗೂ ಗೊತ್ತಿತ್ತು” ಎಂದರು.

ಅತ್ತೆಯವರು ಗುಡಿಯನ್ನು ಪೂರ್ತಿ ಸುತ್ತಲಿಲ್ಲ. ಆಯಾಸವೆಂದು ನೆರಳಿನಲ್ಲಿ ಕುಳಿತರು. ಅರ್ಜಿಗೆ ಕಾರಿನ ಚಾಸಿಸ್ ಸಂಖ್ಯೆ ಬೇಕೆಂದು ಹುಡುಗ ಕಾಗದಗಳಿಗಾಗಿ ಕಾರಿನ ಮುಂದಣ ಖಾನೆಯನ್ನು ತೆರೆದ. ಕಾಗದಗಳ ಕೆಳಗೆ ಒಂದು ಸಣ್ಣ ಲೆಕ್ಕದ ಪುಸ್ತಕವಿತ್ತು. ಮಾವನವರ ಅಕ್ಷರ. ದಿನಾಂಕ, ಹೊರಟ ಹೊತ್ತು, ಮರಳಿದ ಹೊತ್ತು, ಪೆಟ್ರೋಲು. ಪ್ರತಿಯೊಂದು ಸಾಲಿನಲ್ಲಿಯೂ ಒಂದೇ ಮಾತು: ‘ಹಾಸನ, ಆಸ್ಪತ್ರೆ.’ ಎರಡು ವರ್ಷಗಳಲ್ಲಿ ಮೂವತ್ತೇಳು ಸಾಲುಗಳು. ಮೂರು ಸಲ ಹೊರಟದ್ದು ನಡುರಾತ್ರಿ ಕಳೆದ ಮೇಲೆ.

ಅತ್ತೆಯವರಿಗೆ ಹೃದಯದ ತೊಂದರೆಯಿರುವುದು ನಮಗೆ ತಿಳಿದಿತ್ತು. ಅದು ಇಷ್ಟರಮಟ್ಟಿಗೆ ಬೆಳೆದಿದೆಯೆಂಬುದನ್ನು ಮಾವನವರು ಮಗನಿಂದಲೂ ಮಗಳಿಂದಲೂ ಮುಚ್ಚಿಟ್ಟಿದ್ದರು. ತಿಳಿದರೆ ಹುಡುಗ ಹೊರಟ ಕಾಲನ್ನು ಹಿಂದೆಗೆದಾನೆಂಬ ಭಯ. ಅರಸೀಕೆರೆಯೇನೋ ರೈಲಿನ ದೊಡ್ಡ ಜಂಕ್ಷನ್. ಆದರೆ ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕಿಕೊಂಡಾಗ ಜಂಕ್ಷನ್ನಿನಿಂದ ಏನು ಪ್ರಯೋಜನ? ಅರವತ್ತೆಂಟು ವರ್ಷದ ಅವರು, ಮಂದವಾದ ಕಣ್ಣಿನಲ್ಲಿ, ಆ ದಾರಿಯನ್ನು ತಾವೇ ಓಡಿಸಿದ್ದರು. ಆರು ತಿಂಗಳಿಂದ ಈ ಕಾರನ್ನು ಬಳಸುತ್ತಿರುವವರು ಯಾರು ಎಂಬ ಬ್ರಿಟನ್ನಿನ ಸುಂಕದವರ ಪ್ರಶ್ನೆಗೆ ಉತ್ತರ ಆ ಪುಸ್ತಕದಲ್ಲಿತ್ತು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಯಾರೂ ಮಾತನಾಡಲಿಲ್ಲ. ಚೆನ್ನಕೇಶವನ ಸನ್ನಿಧಿಯಲ್ಲಿ ಅತ್ತೆಯವರೇ, ಮೊಮ್ಮಕ್ಕಳಿಗೆಂಬಂತೆ, ಅಲ್ಲಿಯ ಐತಿಹ್ಯವನ್ನು ಹೇಳಿದರು: ವಿಷ್ಣುವರ್ಧನನು ಸ್ವಾಮಿಯ ಮೂರ್ತಿಯನ್ನು ಬಾಬಾಬುಡನ್ ಗಿರಿಯಿಂದ ತಂದನಂತೆ; ದೇವಿ ಅಲ್ಲಿಯೇ ಉಳಿದಳಂತೆ. ಅವಳನ್ನು ನೋಡಲು ಸ್ವಾಮಿ ಆಗಾಗ ಬೆಟ್ಟಕ್ಕೆ ನಡೆದೇ ಹೋಗುತ್ತಾನೆ. ಪಾದರಕ್ಷೆ ಸವೆದಾಗ ಭಕ್ತರು ಹೊಸ ಜೋಡನ್ನು ಮಾಡಿಸಿ ಒಪ್ಪಿಸುತ್ತಾರೆ. ಕಥೆ ಕೇಳಿ ಹುಡುಗ ತಾಯಿಯ ಕೈ ಹಿಡಿದುಕೊಂಡು, “ನಾನೂ ವರ್ಷಕ್ಕೊಮ್ಮೆ ಬರುತ್ತೇನಮ್ಮ. ಕಾರು ಇಲ್ಲೇ ಇರಲಿ” ಎಂದ.

ಬಿಟ್ಟು ಹೋಗುವುದಕ್ಕೂ ಕ್ರಮವುಂಟು

ಬಿಟ್ಟುಹೋಗುವುದೆಂದರೆ ಬೀಗದ ಕೈಯನ್ನು ಗೂಟಕ್ಕೆ ತೂಗುಹಾಕುವುದಲ್ಲ. ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆಯೂ ಅವನದೇ ಎಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕಾರನ್ನು ಬಾಯಿಮಾತಿನಲ್ಲಿ ಮಾರಿ ವಿಮಾನ ಹತ್ತಿದವನು ಪರದೇಶದಲ್ಲಿದ್ದರೂ ಆ ಹೊಣೆಯಿಂದ ಪಾರಾಗಲಾರ. ಆದ್ದರಿಂದ ಮಾರಲಿ, ಮನೆಯವರಿಗೇ ಕೊಡಲಿ, ನಮೂನೆ ೨೯ ಮತ್ತು ೩೦ನ್ನು ಸಲ್ಲಿಸಿ ಹೆಸರು ಬದಲಾದುದನ್ನು ಕಣ್ಣಾರೆ ಕಂಡೇ ಹೊರಡಬೇಕು. ಸಾಲವಿದ್ದರೆ ತೀರಿಸಿ, ಸಾಲ ಕೊಟ್ಟವರಿಂದ ನಮೂನೆ ೩೫ನ್ನು ಪಡೆಯಬೇಕು. ವಿಮೆಯನ್ನು ಹೊಸ ಒಡೆಯನ ಹೆಸರಿಗೆ ಬದಲಾಯಿಸಲು ಹದಿನಾಲ್ಕು ದಿನಗಳೊಳಗೆ ಅರ್ಜಿ ಹೋಗಬೇಕು. ಪರಿಹಾರ ಕೇಳದೆ ಗಳಿಸಿದ ರಿಯಾಯಿತಿ ಕಾರಿನದಲ್ಲ, ಒಡೆಯನದು. ಅದಕ್ಕೆ ವಿಮಾ ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ, ಮೂರು ವರ್ಷಗಳೊಳಗೆ ಹಿಂದಿರುಗಿ ಹೊಸ ಕಾರು ಕೊಂಡಾಗ ಉಪಯೋಗಕ್ಕೆ ಬರುತ್ತದೆ. ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ನಮ್ಮದು ೨೦೨೯ರಲ್ಲಿ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು.

ಎಲ್ಲವನ್ನೂ ಕ್ರಮವಾಗಿ ಮಾಡಿಸಿ, ಕಾರನ್ನು ತಂದೆಯ ಹೆಸರಿಗೆ ಬರೆದು ಹುಡುಗ ಹೊರಟ. ಬೀಗದ ಕೈಯನ್ನು ಮಾತ್ರ ನನ್ನ ಅಂಗೈಯಲ್ಲಿಟ್ಟ. ರಾತ್ರಿಯ ಹೊತ್ತು ಓಡಿಸುವವರು ಬೇಕಲ್ಲವೆ? ಮೂವತ್ತಾರನೆಯ ವಯಸ್ಸಿನಲ್ಲಿ ನಾನು ಕಲಿಕೆಯ ಲೈಸೆನ್ಸಿಗೆ ಅರ್ಜಿ ಹಾಕಿದೆ. ಒಂದು ತಿಂಗಳು ದಿನವೂ ಬೆಳಿಗ್ಗೆ, ನನ್ನ ವಿದ್ಯಾರ್ಥಿಗಳು ಏಳುವ ಮೊದಲೇ, ನಿಂತು ನಿಂತು ಹೋಗುವ ಕಾರಿನಲ್ಲಿ ಬೆವರಿದೆ.

ಮೊನ್ನೆ ಅತ್ತೆಯವರನ್ನು ನಾನೇ ಹಾಸನಕ್ಕೆ ಕರೆದೊಯ್ದು ತಂದೆ. ಮನೆಗೆ ಬಂದೊಡನೆ ಮಾವನವರು ಕನ್ನಡಕ ಹಾಕಿಕೊಂಡು ಲೆಕ್ಕದ ಪುಸ್ತಕದಲ್ಲಿ ಮೂವತ್ತೆಂಟನೆಯ ಸಾಲನ್ನು ಬರೆದರು. ಇಣುಕಿ ನೋಡಿದೆ. ಕೊನೆಯಲ್ಲಿ ಹೊಸದಾಗಿ ಒಂದು ಕಲಮು ಸೇರಿತ್ತು: ‘ಓಡಿಸಿದವರು: ಅಳಿಯ. ಬಹಳ ನಿಧಾನ.’