ಹೆರಿಗೆ ಕೋಣೆಯ ಸಿಸ್ಟರಮ್ಮ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮೆಟ್ರಿಕ್. ವೈದ್ಯದ ವಿಷಯ ಮಾತನಾಡಲು ನನಗೆ ಅಧಿಕಾರವಿಲ್ಲ. ಆದರೆ ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ರಾತ್ರಿ ಕಳೆದ ಅನುಭವ ನಿಮ್ಮಂತೆ ನನಗೂ ಉಂಟು. ಅದರ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಸೊಸೆ ಔರಾದ ಕಡೆಯವಳು. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ, ಜಹೀರಾಬಾದ ತಾಲೂಕಿನ ಬಹುಭಾಗ, ಕಲಬುರ್ಗಿ ಜಿಲ್ಲೆಯಲ್ಲಿದ್ದ ತಾಂಡೂರು ಇವೆಲ್ಲ ಆಂಧ್ರದ ಪಾಲಿಗೆ ಬಂದವು. ಆದರೆ ಹೆಣ್ಣು ಕೊಡುವುದು, ತರುವುದು ಮೊದಲಿನಂತೆಯೇ ನಡೆದಿದೆ. ಹೀಗಾಗಿ ತೆಲುಗು ಬಾರದ ಸೊಸೆಯಂದಿರು ತೆಲುಗು ಸಿಸ್ಟರುಗಳ ಕೈಯಲ್ಲಿ ಹೆರುತ್ತಾರೆ. ನಮ್ಮ ಸೊಸೆಗೂ ಹಾಗೇ ಆಯಿತು. ಒಳಗಿನಿಂದ ಸಿಸ್ಟರು "ಮುಕ್ಕಮ್ಮಾ, ಮುಕ್ಕು" ಎಂದು ಕೂಗುವುದು ಕೇಳಿಸುತ್ತಿತ್ತು. ತೆಲುಗಿನಲ್ಲಿ ಅದಕ್ಕೆ ತಿಣುಕು ಎಂದರ್ಥ. ನನ್ನ ಬದಿಯಲ್ಲಿ ಕುಳಿತ ಬೀಗತಿಗೆ ಅದು ತಿಳಿಯದೆ, "ಇಂಥಾ ಹೊತ್ತಿನ್ಯಾಗ ಏನ್ ಮುಕ್ಕು ಅಂತಾಳ್ರೀ ಆಕಿ?" ಎಂದು ಕೇಳಿದರು. ನಾನು ಅರ್ಥ ಹೇಳಿದ ಮೇಲೆ ಅಷ್ಟು ಆತಂಕದಲ್ಲಿಯೂ ಇಬ್ಬರೂ ನಕ್ಕೆವು.

ಕೂಸು ಹುಟ್ಟಿ ಅತ್ತಿತು. ಗಂಡು ಕೂಸು. ನಾನು ಪೇಡೆ ತರಲು ಹೊರಟೆ. ನಮ್ಮ ಲೆಕ್ಕದಲ್ಲಿ ಹೆರಿಗೆ ಮುಗಿದಿತ್ತು. ಸಿಸ್ಟರ ಲೆಕ್ಕದಲ್ಲಿ ಮುಖ್ಯವಾದ ಎರಡು ತಾಸು ಆಗ ಶುರುವಾಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೂಸು ಹೊರಬಂದ ಮೇಲೆ ಮಾಸು ಬೀಳಬೇಕು. ಹಳ್ಳಿಯಲ್ಲಿ ಅದಕ್ಕೆ ಕಸ ಎನ್ನುತ್ತೇವೆ, ತೆಲುಗಿನವರು ಮಾಯ ಎನ್ನುತ್ತಾರೆ. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಂಡರೆ ಆ ಬಾಯಿಗಳು ಮುಚ್ಚುತ್ತವೆ. ಬಿಗಿಯದೆ ಸಡಿಲವಾಗಿ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ, ತಾಸೆರಡು ತಾಸಿನಲ್ಲಿ ಜೀವ ಹೋಗಬಹುದು. ಅದಕ್ಕಾಗಿಯೇ ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಆಕ್ಸಿಟೋಸಿನ್ ಸೂಜಿ 10 ಯೂನಿಟ್ ಕೊಡುತ್ತಾರೆ. ಆಮೇಲೆ ಎರಡು ತಾಸು, ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿ.ಪಿ. ನೋಡಿ, ಹೊಟ್ಟೆ ಒತ್ತಿ, ಬಟ್ಟೆ ಎಷ್ಟು ತೊಯ್ದಿದೆ ಎಂದು ನೋಡಿ ಬರೆಯಬೇಕು. ಅರ್ಧ ಲೀಟರಿಗಿಂತ ಹೆಚ್ಚು ಹೋದರೆ ಅಪಾಯವೆಂದೇ ಲೆಕ್ಕ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ರಾತ್ರಿ ಕುಳಿತು ತಪ್ಪು ಹುಡುಕುತ್ತಿದ್ದೆವು. ಇಲ್ಲಿ ತಪ್ಪು ಹುಡುಕಲು ಅಷ್ಟು ಪುರಸತ್ತು ಎಲ್ಲಿದೆ?

ಸೊಸೆ ಸಣ್ಣ ದನಿಯಲ್ಲಿ "ಕಣ್ಣಿಗಿ ಕತ್ತಲ ಬರ್ಲತದ್ರೀ" ಎಂದಳಂತೆ. ತೆಲುಗಿನಲ್ಲಿ ಕತ್ತಲೆಗೆ ಚೀಕಟಿ ಎನ್ನುತ್ತಾರೆ. ಕತ್ತುಲು ಎಂದರೆ ಚೂರಿಗಳು. ಸಿಸ್ಟರಿಗೆ ಮಾತು ತಿಳಿಯಲಿಲ್ಲ. ಆದರೆ ಬಿಳಿಚಿದ ಮುಖ ತಿಳಿಯಿತು. ಹೊಟ್ಟೆಯ ಮೇಲೆ ಕೈ ಇಟ್ಟರೆ ಗರ್ಭಕೋಶ ನಾದಿದ ಹಿಟ್ಟಿನಂತೆ ಮೆತ್ತಗಿತ್ತು. ಒಂದು ಕೈಯಿಂದ ಅದನ್ನು ತಿಕ್ಕುತ್ತ, ಆಯಾಳನ್ನು ಡಾಕ್ಟರ ಬಳಿಗೆ ಓಡಿಸಿ, ಸಲೈನಿನಲ್ಲಿ ಔಷಧಿ ಹಾಕಿಸಿದರು. ಅರ್ಧ ತಾಸಿನಲ್ಲಿ ಹಿಡಿತಕ್ಕೆ ಬಂತು. ನಾನು ಪೇಡೆ ಹಿಡಿದು ಬಂದಾಗ ಬೀಗತಿ ಗೋಡೆಗೆ ಒರಗಿ ಅಳುತ್ತಿದ್ದರು. ಆ ಪೇಡೆಯನ್ನು ನಾನು ಮೊದಲು ಕೊಟ್ಟದ್ದು ಡಾಕ್ಟರಿಗೆ. ಸಿಸ್ಟರು ನೆನಪಾದದ್ದು ಡಬ್ಬಿ ಖಾಲಿಯಾದ ಮೇಲೆ. ಈಗಲೂ ನಾಚಿಕೆಯಾಗುತ್ತದೆ.

ಈ ಕೆಲಸದವರ ಬೆಲೆ ಜಗತ್ತು ತಿಳಿದದ್ದೂ ತಡವಾಗಿಯೇ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವೈದ್ಯರ ಕಡೆ ನೂರಕ್ಕೆ ಹನ್ನೊಂದು ತಾಯಂದಿರು ಸತ್ತರೆ ಸೂಲಗಿತ್ತಿಯರ ಕಡೆ ಮೂರಕ್ಕಿಂತ ಕಡಿಮೆ. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದರೆಂದು ಸೆಮೆಲ್ವೈಸ್ ಎಂಬ ವೈದ್ಯ ಕಂಡುಹಿಡಿದು, 1847ರಲ್ಲಿ ಕ್ಲೋರಿನ್ ನೀರಿನಿಂದ ಕೈ ತೊಳೆಸಿದ, ಸಾವು ಇಳಿಯಿತು. ನಮ್ಮಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೋಡಿ. ಅದೂ ನಮ್ಮಂತೆ ಆಂಧ್ರದ ಗಡಿಯ ತಾಲೂಕು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಸಾವಿರಾರು ಹೆರಿಗೆ ಮಾಡಿಸಿದರು, ದುಡ್ಡು ಮುಟ್ಟಲಿಲ್ಲ. ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಇನ್ನು ನಮ್ಮ ತೆಲಂಗಾಣದ ಮಾತು. 2018-20ರ ಲೆಕ್ಕದಲ್ಲಿ ಇಲ್ಲಿ ಲಕ್ಷ ಹೆರಿಗೆಗೆ 43 ತಾಯಂದಿರು ತೀರಿಕೊಂಡರು, ಕರ್ನಾಟಕದಲ್ಲಿ 69. ಇದು ಸಂತೋಷದ ಮಾತು. ಆದರೆ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇಲ್ಲಿ ನೂರಕ್ಕೆ ಅರವತ್ತು ಹೆರಿಗೆ ಸಿಜೇರಿಯನ್, ದೇಶಕ್ಕೆಲ್ಲ ಹೆಚ್ಚು. ಬೇಕಾದವರಿಗೆ ಕೊಯ್ಯಲೇಬೇಕು, ಬೇಡದವರಿಗೆ ಯಾಕೆ? ಮುಹೂರ್ತ ನೋಡಿ ಕೊಯ್ಸುವವರು ನಮ್ಮ ಊರಲ್ಲೇ ಇದ್ದಾರೆ! 2017ರಲ್ಲಿ ಕರೀಂನಗರದ ಸರ್ಕಾರಿ ಆಸ್ಪತ್ರೆಯಲ್ಲಿ 30 ನರ್ಸುಗಳಿಗೆ ಹದಿನೆಂಟು ತಿಂಗಳ ಸೂಲಗಿತ್ತಿ ತರಬೇತಿ ಆರಂಭಿಸಿದ್ದು ಇದಕ್ಕೇ. ಸಹಜ ಹೆರಿಗೆಗೆ ತಾಯಿಯ ಬದಿಗೆ ತಾಸುಗಟ್ಟಲೆ ನಿಲ್ಲುವವರು ಬೇಕು, ಬೆನ್ನು ನೀವಬೇಕು, ನಡೆಸಬೇಕು, ಧೈರ್ಯ ಹೇಳಬೇಕು.

ಎಲ್ಲ ಸಿಸ್ಟರುಗಳೂ ದೇವತೆಯರೆಂದು ನಾನು ಹೇಳುವುದಿಲ್ಲ. ಬೈಯುವವರಿದ್ದಾರೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಬಕ್ಷೀಸು ಕೇಳುವ ಕೈಗಳನ್ನೂ ಕಂಡಿದ್ದೇನೆ. ಆದರೆ ಒಬ್ಬಳೇ ರಾತ್ರಿಯೆಲ್ಲ ಇಡೀ ವಾರ್ಡು ನೋಡಿಕೊಂಡು, ಬಾಗಿಲಲ್ಲಿ ನಮ್ಮಂಥ ಹತ್ತು ಮಂದಿಯ ಗದ್ದಲವನ್ನೂ ತಾಳಬೇಕಾದರೆ ಯಾರ ದನಿ ಏರುವುದಿಲ್ಲ?

ಮರುದಿನ ಆ ಸಿಸ್ಟರಿಗೂ ನಮ್ಮ ಬೀಗತಿಗೂ ಜಗಳವೇ ಆಯಿತು. ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬೇಕೆಂದು ಇವರು, ಒಂದು ತಾಸಿನೊಳಗೇ ಕುಡಿಸಬೇಕು, ಅದೇ ಮೊದಲ ಲಸಿಕೆ ಎಂದು ಅವರು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದೊಡ್ಡದಾಗುತ್ತದೆಂದು ಇವರು, ನೀರಿಲ್ಲದೆ ಹಾಲೆಲ್ಲಿಂದ ಬರಬೇಕೆಂದು ಅವರು. ಒಬ್ಬರದು ಕನ್ನಡ, ಒಬ್ಬರದು ತೆಲುಗು, ನಡುವೆ ನಾನು ದುಭಾಷಿ. ಕೊನೆಗೆ ಬೀಗತಿ ಸೋತರು. ಸಿಸ್ಟರು ನನ್ನಿಂದ ಒಂದು ಚೀಟಿಯ ಮೇಲೆ ತೆಲುಗು ಲಿಪಿಯಲ್ಲಿ ನಮ್ಮ ಮಾತು ಬರೆಸಿಕೊಂಡರು: ಬ್ಯಾನಿ, ಕತ್ತಲ, ಚಳಿ, ನೆತ್ತರ, ಉರಿ. ಮೂರನೆಯ ದಿನ ನಾವು ಹೊರಡುವಾಗ ಪಕ್ಕದ ಮಂಚದ ಹುಡುಗಿಯನ್ನು, "ಬ್ಯಾನಿ ಐತಾ ಅಮ್ಮಾ?" ಎಂದು ಕೇಳುತ್ತಿದ್ದರು.