ನಿಧಾನಗತಿಯ ವೈ-ಫೈ: ದೋಷ ಎಲ್ಲಿದೆ?

ತಿಂಗಳ 20ನೇ ತಾರೀಖು ಸಮೀಪಿಸಿದಂತೆ ರಾಜಾಜಿನಗರ, ಕಾಮಾಕ್ಷಿಪಾಳ್ಯದ ಸಣ್ಣ ಕೈಗಾರಿಕೆಗಳಲ್ಲಿ ಕೇಳಿಬರುವ ದೂರು ಒಂದೇ: "ನೆಟ್ ನಿಧಾನ, ರಿಟರ್ನ್ ಹೋಗುತ್ತಿಲ್ಲ." ತೆರಿಗೆ ಬಾಕಿಯಿರುವ ಮಾಸಿಕ ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವನ್ನೂ, ಬಾಕಿಯ ಮೇಲೆ ವಾರ್ಷಿಕ ಶೇಕಡಾ 18ರ ಬಡ್ಡಿಯನ್ನೂ ತೆರಬೇಕಾಗುತ್ತದೆ.

ಸೇವಾ ಕಂಪನಿಯನ್ನು ದೂರುವ ಮುನ್ನ ಸದಸ್ಯರು ಸರಳ ಪರೀಕ್ಷೆಯೊಂದನ್ನು ಮಾಡುವುದೊಳಿತು. ಇತರ ಉಪಕರಣಗಳ ಸಂಪರ್ಕ ತಪ್ಪಿಸಿ, ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ ವೇಗವನ್ನು ಅಳೆಯಿರಿ. ಆಗಲೂ ನಿಧಾನವಾಗಿದ್ದರೆ ಹೊರಗಿನ ಸಂಪರ್ಕವನ್ನು ಶಂಕಿಸಬೇಕು. ವೇಗ ಸರಿಯಿದ್ದರೆ ತೊಂದರೆ ವೈ-ಫೈನಲ್ಲಿದೆ.

ತಗಡಿನ ಗೋಡೆ, ಉಕ್ಕಿನ ಬೀರು, ಯಂತ್ರಗಳು ರೇಡಿಯೋ ತರಂಗಗಳನ್ನು ತಡೆಯುತ್ತವೆ. ಆದುದರಿಂದ ರೂಟರನ್ನು ಎತ್ತರದ, ತೆರೆದ ಸ್ಥಳದಲ್ಲಿಡಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಪರಸ್ಪರ ಅಡ್ಡಬಾರದಂತೆ ಬಳಸಬಹುದಾದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಒತ್ತಾಗಿರುವ ಮಳಿಗೆಗಳ ರೂಟರುಗಳು ಇವುಗಳಿಗಾಗಿಯೇ ಪೈಪೋಟಿ ನಡೆಸುತ್ತವೆ. ರೂಟರಿನ ಸಮೀಪದ ಮೇಜಿಗೆ 5 ಗಿಗಾಹರ್ಟ್ಸ್ ಉತ್ತಮ. ಗೋಡೆ ದಾಟಿದರೆ ಅದು ಬೇಗನೆ ಕ್ಷೀಣಿಸುತ್ತದೆ. ರಿಟರ್ನ್ ಸಲ್ಲಿಸುವ ವೇಳೆಯಲ್ಲಿ ವಿಂಡೋಸ್ ಅಪ್‌ಡೇಟನ್ನು ತಡೆಹಿಡಿಯಿರಿ.

ಲೆಕ್ಕಪತ್ರ ನೋಡುವ ಮೇಜಿಗೆ ಕಾಯಂ ಆಗಿ ಕೇಬಲ್ ಎಳೆಸುವುದೇ ಲೇಸು. ಅದಕ್ಕಿಂತ ಮಿಗಿಲಾದ ಉಪಾಯವೆಂದರೆ, ಕೊನೆಯ ದಿನದ ಸಂಜೆಗಾಗಿ ಕಾಯದಿರುವುದು.